ಕೈಕಾಲುಗಳ ಅಂಗರಚನೆ: ನರಕ್ಕೆ ಪೆಟ್ಟು ಬಿದ್ದ ಮಟ್ಟವನ್ನು ಪರೀಕ್ಷೆಯಿಂದಲೇ ಗುರುತಿಸುವುದು ಹೇಗೆ?

ವೈದ್ಯಕೀಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಬ್ರೇಕಿಯಲ್ ಪ್ಲೆಕ್ಸಸ್‌ನ (ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಜಾಲದ) ಬೇರುಗಳಿಂದ ಹಿಡಿದು ಪಾದದ ಸಣ್ಣ ಸ್ನಾಯುಗಳವರೆಗೆ, ಯಾವ ಸ್ನಾಯುವಿಗೆ ಯಾವ ನರ ಎಂಬ ಪಟ್ಟಿಯನ್ನು ನಾನು ಕಲಿತಿದ್ದೇನೆ. ಆದರೆ ರೋಗಿಯ ಮುಂದೆ ನಿಂತಾಗ ಪ್ರಶ್ನೆ ತಿರುವುಮುರುವಾಗಿ ಬರುತ್ತದೆ. ಮಣಿಕಟ್ಟು ಜೋತುಬಿದ್ದಿರುತ್ತದೆ, ಅಥವಾ ನಡೆಯುವಾಗ ಪಾದದ ತುದಿ ನೆಲಕ್ಕೆ ಉಜ್ಜುತ್ತಿರುತ್ತದೆ. ತೊಂದರೆ ಇರುವುದು ಕುತ್ತಿಗೆಯಲ್ಲೋ ಕಂಕುಳಲ್ಲೋ ಮುಂಗೈಯಲ್ಲೋ, ಬೆನ್ನುಮೂಳೆಯಲ್ಲೋ ಮಂಡಿಯ ಪಕ್ಕದಲ್ಲೋ ಎಂದು ಹೇಳಬೇಕಾಗುತ್ತದೆ. ಒಂದು ನರ ಕೆಟ್ಟರೆ ಏನೇನು ನಿಲ್ಲುತ್ತದೆ ಎಂಬುದನ್ನು ಪಟ್ಟಿ ಹೇಳುತ್ತದೆಯೇ ಹೊರತು, ಆ ನರ ತನ್ನ ದಾರಿಯಲ್ಲಿ ಎಲ್ಲಿ ಕೆಟ್ಟಿದೆ ಎಂಬುದನ್ನು ಹೇಳುವುದಿಲ್ಲ. ಸ್ಕ್ಯಾನ್ ಮಾಡಿಸುವ ಮೊದಲೇ ಇದನ್ನು ಯೋಚಿಸುವ ಕ್ರಮ ಹೇಗೆ ಎಂದು ಅನುಭವಿಗಳು ದಯವಿಟ್ಟು ವಿವರಿಸಬೇಕು.

ಅಂಗರಚನಾಶಾಸ್ತ್ರ ಬೋಧಕ

ಒಳ್ಳೆಯ ಪ್ರಶ್ನೆ. ನಾವು ಕಲಿಸುವಾಗ ನರಗಳನ್ನು ಪಟ್ಟಿಯಾಗಿ ಕಲಿಸುತ್ತೇವೆ, ದಾರಿಯಾಗಿ ಕಲಿಸುವುದು ಕಡಿಮೆ. ಕಷ್ಟ ಅಲ್ಲಿಂದಲೇ ಶುರುವಾಗುತ್ತದೆ. ನರವೊಂದು ಮೇಲಿನಿಂದ ಕೆಳಗೆ ಹರಿಯುತ್ತ ಒಂದೊಂದು ಜಾಗದಲ್ಲಿ ಒಂದೊಂದು ಕವಲನ್ನು ಬಿಟ್ಟುಕೊಡುತ್ತದೆ. ಕಾಲುವೆಯ ಮೊದಲ ತೂಬಿನ ಗದ್ದೆಗೆ ನೀರು ಬಂದಿದ್ದು ಮೂರನೆಯ ತೂಬಿನ ಗದ್ದೆ ಒಣಗಿದ್ದರೆ ಕಾಲುವೆ ಒಡೆದಿರುವುದು ಆ ಎರಡರ ನಡುವೆ ಎಂದು ರೈತ ಹೇಳುವಂತೆ, ಯಾವ ಸ್ನಾಯು ಸೋತಿದೆ ಎಂಬುದಕ್ಕಿಂತ ಅದರ ಮೇಲಿನ ಯಾವ ಸ್ನಾಯು ಇನ್ನೂ ಉಳಿದಿದೆ ಎಂಬುದೇ ಪೆಟ್ಟು ಬಿದ್ದ ಜಾಗವನ್ನು ತೋರಿಸಿಕೊಡುತ್ತದೆ.

ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲೆತ್ತಿಸುವ ರೇಡಿಯಲ್ ನರವನ್ನೇ ತೆಗೆದುಕೊಳ್ಳಿ. ಟ್ರೈಸೆಪ್ಸ್‌ನ (ಮೊಣಕೈಯನ್ನು ನೇರ ಮಾಡುವ, ತೋಳಿನ ಹಿಂಬದಿಯ ಸ್ನಾಯುವಿನ) ಉದ್ದನೆಯ ತಲೆಗೂ ಒಳಬದಿಯ ತಲೆಗೂ ಹೋಗುವ ಕವಲುಗಳು ಕಂಕುಳಿನ ಬಳಿಯಲ್ಲೇ, ಅಂದರೆ ನರವು ತೋಳಿನ ಹ್ಯೂಮರಸ್ ಮೂಳೆಯ ಹಿಂಭಾಗದ ಸುರುಳಿ ಕಾಲುವೆಗೆ ಇಳಿಯುವ ಮೊದಲೇ ಹೊರಟುಬಿಡುತ್ತವೆ. ಹೀಗಾಗಿ ಮೂಳೆಯ ನಡುಭಾಗ ಮುರಿದು ನರಕ್ಕೆ ಪೆಟ್ಟಾದಾಗ ಮಣಿಕಟ್ಟು ಜೋತುಬಿದ್ದರೂ ರೋಗಿ ಮೊಣಕೈಯನ್ನು ಬಹುಮಟ್ಟಿಗೆ ನೇರ ಮಾಡಬಲ್ಲ. ಊರುಗೋಲಿನ ಮೇಲ್ತುದಿಯು ಕಂಕುಳನ್ನು ಒತ್ತಿ ನರ ಕೆಟ್ಟಿದ್ದರೆ ಟ್ರೈಸೆಪ್ಸ್ ಕೂಡ ಸೋಲುತ್ತದೆ.

ಇನ್ನು ಮೊಣಕೈಯ ಕಡೆಗೆ ಬನ್ನಿ. ಮೊಣಕೈಯನ್ನು ಬಾಗಿಸಲು ನೆರವಾಗುವ ಬ್ರೇಕಿಯೋರೇಡಿಯಾಲಿಸ್‌ಗೂ, ಮಣಿಕಟ್ಟನ್ನು ಹೆಬ್ಬೆರಳಿನ ಬದಿಗೆ ವಾಲಿಸಿ ಎತ್ತುವ ಉದ್ದ ಸ್ನಾಯುವಿಗೂ ಕವಲು ಮೊಣಕೈಯ ಸ್ವಲ್ಪ ಮೇಲೆಯೇ ದೊರೆಯುತ್ತದೆ. ಅನಂತರ ನರ ಎರಡಾಗಿ ಒಡೆಯುತ್ತದೆ: ಚರ್ಮದ ಸಂವೇದನೆಗೆ ಹೋಗುವ ಮೇಲ್ಪದರದ ಕವಲು ಒಂದು, ಮುಂಗೈಯ ಸುಪೈನೇಟರ್ ಸ್ನಾಯುವಿನ ಎರಡು ಪದರಗಳ ನಡುವೆ ನುಸುಳುವ ಆಳದ ಕವಲು ಇನ್ನೊಂದು. ಆಳದ ಕವಲು ಅಲ್ಲಿ ಸಿಕ್ಕಿಕೊಂಡರೆ ಬೆರಳುಗಳು ಬುಡದಿಂದ ಮೇಲೇಳುವುದಿಲ್ಲ, ಆದರೆ ಮಣಿಕಟ್ಟು ಪೂರ್ತಿ ಜೋತುಬೀಳುವುದಿಲ್ಲ. ಎತ್ತಿದಾಗ ಹೆಬ್ಬೆರಳಿನ ಕಡೆಗೆ ವಾಲುತ್ತದೆ. ಚರ್ಮದ ಸ್ಪರ್ಶವೂ ಕುಂದುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕೈಯ ಹಿಂಬದಿಯ ಚರ್ಮದಲ್ಲಿ ಸ್ಪರ್ಶ ಮಂದವಾಗಿದೆಯೇ ಎಂಬ ಒಂದೇ ಪ್ರಶ್ನೆಯಿಂದ ಮೇಲಿನ ಮಟ್ಟ ಮತ್ತು ಕೆಳಗಿನ ಮಟ್ಟಗಳು ಬೇರ್ಪಡುತ್ತವೆ.

ಪರೀಕ್ಷಿಸುವ ಬಗೆಯಲ್ಲಿ ಎರಡು ಎಚ್ಚರಿಕೆಗಳು ಬೇಕು. ಬೆರಳಿನ ತುದಿಯ ಕೀಲುಗಳನ್ನು ನೇರ ಮಾಡುವ ಶಕ್ತಿ ಅಂಗೈಯ ಸಣ್ಣ ಸ್ನಾಯುಗಳಿಗೂ ಇದೆ, ಅವುಗಳಿಗೆ ಕೈಯ ಇನ್ನೆರಡು ಮುಖ್ಯ ನರಗಳಾದ ಅಲ್ನಾರ್ (ಕಿರುಬೆರಳಿನ ಬದಿಯದು) ಮತ್ತು ಮೀಡಿಯನ್ (ನಡುವಿನದು) ಬರುತ್ತವೆ. ಆದ್ದರಿಂದ ಬೆರಳಿನ ಬುಡದ ಕೀಲಿನಲ್ಲಿ ಮೇಲೆತ್ತುವಿಕೆಯನ್ನೇ ಪರೀಕ್ಷಿಸಬೇಕು. ಇನ್ನೊಂದು, ಮಣಿಕಟ್ಟು ಕೆಳಗೆ ಬಾಗಿದ್ದಾಗ ಯಾರ ಮುಷ್ಟಿಯೂ ಬಿಗಿಯಾಗಿರುವುದಿಲ್ಲ, ಬೆರಳುಗಳನ್ನು ಅಗಲಿಸುವ ಶಕ್ತಿಯೂ ಕಡಿಮೆಯಾಗಿಯೇ ಕಾಣುತ್ತದೆ. ಕೈಯನ್ನು ಮೇಜಿನ ಮೇಲೆ ಸಮತಟ್ಟಾಗಿ ಇಡಿಸಿ ಆಮೇಲೆ ಪರೀಕ್ಷಿಸದೆ ಹೋದರೆ, ಇಲ್ಲದ ಅಲ್ನಾರ್ ತೊಂದರೆಯೊಂದು ವರದಿಯಲ್ಲಿ ಸೇರಿಕೊಳ್ಳುತ್ತದೆ.

ನರರೋಗ ವೈದ್ಯೆ

ಬೋಧಕರು ಕೈಯಿಂದ ಆರಂಭಿಸಿದ್ದಾರೆ, ನಾನು ಕಾಲಿಗೆ ಬರುತ್ತೇನೆ. ಪಾದ ಜೋತುಬಿದ್ದು ಬರುವವರಲ್ಲಿ ಹೆಚ್ಚಾಗಿ ಎದುರಾಗುವ ಗೊಂದಲವೆಂದರೆ, ತೊಂದರೆ ಮಂಡಿಯ ಹೊರಬದಿಯಲ್ಲಿ ಫಿಬುಲಾ ಮೂಳೆಯ ಕತ್ತಿನ ಬಳಿ ಕಾಮನ್ ಫಿಬುಲಾರ್ ನರದಲ್ಲಿದೆಯೋ ಅಥವಾ ಬೆನ್ನಿನಲ್ಲಿ ಎಲ್5 (ಸೊಂಟದ ಐದನೆಯ) ನರದ ಬೇರಿನಲ್ಲಿದೆಯೋ ಎಂಬುದು. ಎರಡರಲ್ಲೂ ಪಾದ ಮೇಲೇಳುವುದಿಲ್ಲ, ಹೆಬ್ಬೆರಳು ಮೇಲೇಳುವುದಿಲ್ಲ, ಪಾದದ ಮೇಲ್ಭಾಗದಲ್ಲಿ ಜೋಮು ಇರುತ್ತದೆ.

ಇಲ್ಲಿ ನನಗೆ ಅತ್ಯಂತ ನೆರವಾಗುವ ಸ್ನಾಯು ಟಿಬಿಯಾಲಿಸ್ ಪೋಸ್ಟೀರಿಯರ್. ಅಂಗಾಲು ಒಳಮುಖವಾಗುವಂತೆ ಪಾದವನ್ನು ತಿರುಗಿಸುವ ಈ ಸ್ನಾಯುವಿಗೆ ಎಲ್5 ಬೇರಿನಿಂದ ತಂತುಗಳು ಬರುತ್ತವೆ, ಆದರೆ ಅವು ಬರುವುದು ಟಿಬಿಯಲ್ ನರದ ಮೂಲಕ. ಹಾಗಾಗಿ ಫಿಬುಲಾದ ಕತ್ತಿನಲ್ಲಿ ನರ ಜಖಂಗೊಂಡರೆ ಅದು ಗಟ್ಟಿಯಾಗಿಯೇ ಉಳಿಯುತ್ತದೆ. ಬೇರಿನಲ್ಲಿ ತೊಂದರೆಯಾದರೆ ಸೋಲುತ್ತದೆ. ಪಾದವನ್ನು ಕೆಳಮುಖವಾಗಿ ಚಾಚಿಸಿಟ್ಟುಕೊಂಡು ಇದನ್ನು ಪರೀಕ್ಷಿಸಬೇಕು, ಏಕೆಂದರೆ ಟಿಬಿಯಾಲಿಸ್ ಆಂಟೀರಿಯರ್ ಕೂಡ ಪಾದವನ್ನು ಒಳಕ್ಕೆ ತಿರುಗಿಸುತ್ತದೆ ಮತ್ತು ಅದಕ್ಕೆ ಬರುವುದು ಫಿಬುಲಾರ್ ನರದ ಕವಲೇ. ಎರಡನೆಯ ಸಾಕ್ಷಿ ಸೊಂಟದ ಕೀಲಿನ ಬಳಿ ಸಿಗುತ್ತದೆ. ತೊಡೆಯನ್ನು ಹೊರಕ್ಕೆ ಸರಿಸುವ ಗ್ಲೂಟಿಯಸ್ ಮೀಡಿಯಸ್ ಸ್ನಾಯುವಿನಲ್ಲಿ ಎಲ್5 ಪಾಲು ದೊಡ್ಡದು, ಅದಕ್ಕೆ ಬರುವ ಸುಪೀರಿಯರ್ ಗ್ಲೂಟಿಯಲ್ ನರ, ಟಿಬಿಯಲ್ ಮತ್ತು ಫಿಬುಲಾರ್ ನರಗಳೆರಡಕ್ಕೂ ಮೂಲವಾದ ಸಯಾಟಿಕ್ ನರದ ಕವಲೇ ಅಲ್ಲ. ಪಾದ ಜೋತುಬಿದ್ದ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ ಮೇಲಿನ ಕಾಲನ್ನು ಎತ್ತಿಸಿ ನೋಡುವ ಅಭ್ಯಾಸ ಇನ್ನೂ ಹೆಚ್ಚಬೇಕು ಎಂಬುದು ನನ್ನ ಅಭಿಪ್ರಾಯ. ಪಾದದ ದೂರು ಎಂದ ಮಾತ್ರಕ್ಕೆ ಪರೀಕ್ಷೆ ಮಂಡಿಯ ಕೆಳಗೇ ನಿಲ್ಲಬಾರದು.

ಹಿಮ್ಮಡಿಯ ಪ್ರತಿಕ್ರಿಯೆ (ಹಿಮ್ಮಡಿಯ ರಜ್ಜುವನ್ನು ತಟ್ಟಿದಾಗ ಪಾದ ಕೆಳಕ್ಕೆ ಜಿಗಿಯುವುದು) ಎಲ್5ರ ಕೆಳಗಿನ ಎಸ್1 ಬೇರಿನದು. ಅದು ಕುಂದಿದ್ದರೆ ಶುದ್ಧ ಫಿಬುಲಾರ್ ತೊಂದರೆಯೂ ಅಲ್ಲ, ಶುದ್ಧ ಎಲ್5 ತೊಂದರೆಯೂ ಅಲ್ಲ; ಸಯಾಟಿಕ್ ನರವನ್ನೋ ಒಂದಕ್ಕಿಂತ ಹೆಚ್ಚು ಬೇರುಗಳನ್ನೋ ಶಂಕಿಸಬೇಕು. ಅದು ಅತಿಯಾಗಿ ಚುರುಕಾಗಿದ್ದರೆ ಕಾಲನ್ನು ಬಿಟ್ಟು ಮೆದುಳು ಮತ್ತು ಮೆದುಳುಬಳ್ಳಿಯ ಕಡೆಗೆ ನೋಡಬೇಕು.

ವೈದ್ಯಕೀಯ ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದ. ಇದೇ ತರ್ಕವನ್ನು ಕೈಗೆ ಹಚ್ಚಿದರೆ, ಕುತ್ತಿಗೆಯ ಏಳನೆಯ ಬೇರಾದ ಸಿ7 ಒತ್ತಿಕೊಂಡಾಗ ಟ್ರೈಸೆಪ್ಸ್ ಮತ್ತು ಬೆರಳೆತ್ತುವ ಸ್ನಾಯುಗಳು ಸೋತರೂ ಬ್ರೇಕಿಯೋರೇಡಿಯಾಲಿಸ್ ಉಳಿಯಬೇಕಲ್ಲವೇ? ಅದರ ಬೇರುಗಳು ಸಿ5 ಮತ್ತು ಸಿ6. ಜೊತೆಗೆ ಮೀಡಿಯನ್ ನರದಿಂದ ನಡೆಯುವ ಮಣಿಕಟ್ಟಿನ ಬಾಗುವಿಕೆಯೂ ದುರ್ಬಲವಾಗಬೇಕು, ಏಕೆಂದರೆ ಅಲ್ಲಿಯೂ ಸಿ7 ಪಾಲಿದೆ. ಇದು ಸರಿಯಾದರೆ ಇನ್ನೊಂದು ಸಂದೇಹ. ಅಲ್ನಾರ್ ನರಕ್ಕೆ ಮೊಣಕೈಯಲ್ಲಿ ಪೆಟ್ಟಾದರೆ ಬೆರಳುಗಳು ಕಡಿಮೆ ಬಾಗಿರುತ್ತವೆ, ಮಣಿಕಟ್ಟಿನಲ್ಲಿ ಪೆಟ್ಟಾದರೆ ಹೆಚ್ಚು ಬಾಗಿರುತ್ತವೆ ಎಂದು ಓದಿದ್ದೇನೆ. ಮೇಲಿನ ಪೆಟ್ಟು ಹೆಚ್ಚು ಸ್ನಾಯುಗಳನ್ನು ಕೆಡಿಸುವಾಗ ವಿಕಾರ ಕಡಿಮೆಯಾಗುವುದು ಹೇಗೆ?

ಅಂಗರಚನಾಶಾಸ್ತ್ರ ಬೋಧಕ

ಸಿ7 ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಅಲ್ನಾರ್ ಪ್ರಶ್ನೆಗೂ ಉತ್ತರ ಉಳಿದಿರುವ ಸ್ನಾಯುವಿನಲ್ಲೇ ಇದೆ.

ಉಂಗುರ ಬೆರಳು ಮತ್ತು ಕಿರುಬೆರಳು ಹಕ್ಕಿಯ ಉಗುರಿನಂತೆ ಬಾಗುವುದಕ್ಕೆ ಎರಡು ಕಾರಣಗಳು ಒಟ್ಟಿಗೆ ಬೇಕು: ಅಂಗೈಯ ಸಣ್ಣ ಸ್ನಾಯುಗಳು ಸೋತು ಬುಡದ ಕೀಲು ಹಿಂದಕ್ಕೆ ಬಾಗಬೇಕು, ಜೊತೆಗೆ ತುದಿಯ ಕೀಲುಗಳನ್ನು ಯಾವುದಾದರೂ ಸ್ನಾಯು ಒಳಕ್ಕೆ ಎಳೆಯುತ್ತಿರಬೇಕು. ಆ ಎಳೆತದಲ್ಲಿ ದೊಡ್ಡ ಪಾಲು ಮುಂಗೈಯ ಆಳದ ಬಾಗಿಸುವ ಸ್ನಾಯುವಿನದು, ಮತ್ತು ಆ ಸ್ನಾಯುವಿನ ಒಳಬದಿಯ ಅರ್ಧಕ್ಕೆ ಅಲ್ನಾರ್ ನರದ ಕವಲು ಸಿಗುವುದು ಮೊಣಕೈಯ ಬಳಿ. ಮಣಿಕಟ್ಟಿನಲ್ಲಿ ನರ ತುಂಡಾದರೆ ಎಳೆಯುವ ಸ್ನಾಯು ಜೀವಂತವಾಗಿದ್ದು ಬೆರಳುಗಳು ಬಿಗಿಯಾಗಿ ಬಾಗುತ್ತವೆ. ಮೊಣಕೈಯಲ್ಲಿ ತುಂಡಾದರೆ ಎಳೆಯುವುದೂ ನಿಲ್ಲುತ್ತದೆ. ಚೇತರಿಕೆಯ ಕಾಲದಲ್ಲಿ ಇದನ್ನು ನೆನಪಿಟ್ಟುಕೊಳ್ಳುವುದು ಬಹಳ ಮುಖ್ಯ: ಮೊಣಕೈಯ ಪೆಟ್ಟಿನ ನಂತರ ನರ ಮತ್ತೆ ಬೆಳೆಯುತ್ತ ಮೊದಲು ಆಳದ ಸ್ನಾಯುವನ್ನು ತಲುಪಿದಾಗ ಬೆರಳುಗಳ ಬಾಗು ಹೆಚ್ಚುತ್ತದೆ. ರೋಗಿಗೆ ಅದು ಹಿನ್ನಡೆಯಂತೆ ಕಾಣುತ್ತದೆ, ಆದರೆ ನರ ಮರಳಿ ಬರುತ್ತಿರುವುದರ ಗುರುತು ಅದೇ. ಇದನ್ನು ಮೊದಲೇ ಹೇಳಿಟ್ಟರೆ ಅವರ ಎಷ್ಟೋ ಆತಂಕ ತಪ್ಪುತ್ತದೆ.

ಅಲ್ನಾರ್ ನರದ ವಿಷಯದಲ್ಲಿ ಚರ್ಮವೂ ಅಷ್ಟೇ ಸ್ಪಷ್ಟವಾಗಿ ಮಾತನಾಡುತ್ತದೆ. ಕಿರುಬೆರಳಿನ ಕಡೆಯ ಕೈಯ ಹಿಂಬದಿಗೆ ಹೋಗುವ ಚರ್ಮದ ಕವಲು ಮಣಿಕಟ್ಟಿಗಿಂತ ಹಲವು ಸೆಂಟಿಮೀಟರ್ ಮೇಲೆಯೇ ಬೇರೆಯಾಗುತ್ತದೆ. ಆದ್ದರಿಂದ ಕಿರುಬೆರಳಿನ ಅಂಗೈ ಬದಿ ಜೋಮು ಹಿಡಿದು ಹಿಂಬದಿಯ ಸ್ಪರ್ಶ ಸರಿಯಾಗಿದ್ದರೆ ತೊಂದರೆ ಮಣಿಕಟ್ಟಿನಲ್ಲಿದೆ; ಎರಡೂ ಕಡೆ ಜೋಮಿದ್ದರೆ ಅದಕ್ಕಿಂತ ಮೇಲಿದೆ. ಜೋಮು ಮಣಿಕಟ್ಟಿನ ಗೆರೆಯನ್ನು ದಾಟಿ ಮುಂಗೈಯ ಒಳಬದಿಗೂ ಏರಿದ್ದರೆ ಅದು ಅಲ್ನಾರ್ ನರವೊಂದರ ಕೆಲಸವಲ್ಲ. ಆ ಚರ್ಮಕ್ಕೆ ಬರುವ ನರ ಪ್ಲೆಕ್ಸಸ್‌ನ ಒಳಬದಿಯ ಹುರಿಯಿಂದ ನೇರವಾಗಿ ಹೊರಡುತ್ತದೆ. ಅಂಥವರಲ್ಲಿ ಸಿ8, ಟಿ1 ಬೇರುಗಳನ್ನೂ ಅವುಗಳ ಪಕ್ಕದಲ್ಲೇ ಇರುವ ಶ್ವಾಸಕೋಶದ ನೆತ್ತಿಯನ್ನೂ ಪರಿಶೀಲಿಸಲೇಬೇಕು.

ಕೈ ಶಸ್ತ್ರಚಿಕಿತ್ಸಕಿ

ಮೀಡಿಯನ್ ನರದಲ್ಲೂ ಇಂಥದ್ದೇ ಒಂದು ಉಪಕಾರವಿದೆ. ಮಣಿಕಟ್ಟಿನ ಕಾರ್ಪಲ್ ಟನಲ್ ಎಂಬ ಇಕ್ಕಟ್ಟಿನಲ್ಲಿ 9 ಸ್ನಾಯುರಜ್ಜುಗಳ ಜೊತೆ ಈ ನರ ಸಾಗುತ್ತದೆ, ಆದರೆ ಹೆಬ್ಬೆರಳಿನ ಬುಡದ ಅಂಗೈ ಚರ್ಮಕ್ಕೆ ಹೋಗುವ ಕವಲು ಮೊದಲೇ ಬೇರೆಯಾಗಿ ಟನಲ್ಲಿನ ಮೇಲ್ಛಾವಣಿಯ ಹೊರಗಿನಿಂದ ಹಾದುಹೋಗುತ್ತದೆ. ಮೂರೂವರೆ ಬೆರಳುಗಳಲ್ಲಿ ಜೋಮು ಇದ್ದು ಅಂಗೈಯ ಆ ಭಾಗದ ಸ್ಪರ್ಶ ಸರಿಯಾಗಿದ್ದರೆ ಅದು ಕಾರ್ಪಲ್ ಟನಲ್‌ಗೆ ಹೊಂದುತ್ತದೆ. ಅಂಗೈಯೂ ಮಂದವಾಗಿದ್ದರೆ ಟನಲ್ ಬಿಡಿಸುವ ಶಸ್ತ್ರಚಿಕಿತ್ಸೆಗೆ ಹೊರಡುವ ಮೊದಲು ಮುಂಗೈಯನ್ನೂ ಕುತ್ತಿಗೆಯನ್ನೂ ಮತ್ತೊಮ್ಮೆ ನೋಡಬೇಕು.

ಮಕ್ಕಳಲ್ಲಿ ಮೊಣಕೈಯ ಮೇಲ್ಭಾಗದ ಮೂಳೆ ಮುರಿದಾಗ ಮೀಡಿಯನ್ ನರದ ಮುಂಭಾಗದ ಆಳದ ಕವಲು ಪೆಟ್ಟು ತಿನ್ನುವುದು ಸಾಮಾನ್ಯ. ಅದು ಚರ್ಮಕ್ಕೆ ಏನನ್ನೂ ಕೊಡುವುದಿಲ್ಲವಾದ್ದರಿಂದ ಸ್ಪರ್ಶ ಪರೀಕ್ಷೆ ಸರಿಯಾಗಿಯೇ ಬರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳನ್ನು ಸೇರಿಸಿ ದುಂಡನೆಯ ಉಂಗುರ ಮಾಡಿ ತೋರಿಸು ಎಂದು ಮಗುವಿಗೆ ಹೇಳಬೇಕು. ಎರಡೂ ಬೆರಳುಗಳ ತುದಿಯ ಕೀಲು ಬಾಗದೆ ಉಂಗುರವು ಚಪ್ಪಟೆಯಾದರೆ ಆ ಕವಲು ಕೆಲಸ ಮಾಡುತ್ತಿಲ್ಲ. ಇದನ್ನು ಮೂಳೆ ಕೂಡಿಸುವ ಮೊದಲೇ ಬರೆದಿಡಬೇಕು. ಇಲ್ಲವಾದರೆ ಪೆಟ್ಟು ಬಿದ್ದಾಗ ಆದದ್ದೋ ಚಿಕಿತ್ಸೆಯಲ್ಲಿ ಆದದ್ದೋ ಎಂಬುದು ಮುಂದೆ ಯಾರಿಗೂ ತಿಳಿಯುವುದಿಲ್ಲ.

ಗಾಜು ತಾಗಿ ಆದ ಸಣ್ಣ ಗಾಯಗಳ ಬಗ್ಗೆಯೂ ಒಂದು ಮಾತು. ಮಣಿಕಟ್ಟಿನ ಮುಂಭಾಗದಲ್ಲಿ ಚರ್ಮಕ್ಕೂ ಮೀಡಿಯನ್ ನರಕ್ಕೂ ನಡುವೆ ಹೆಚ್ಚು ದಪ್ಪವಿಲ್ಲ, ಒಂದು ಸೆಂಟಿಮೀಟರ್ ಸೀಳಿನ ಕೆಳಗೂ ನರ ಪೂರ್ತಿ ತುಂಡಾಗಿರಬಹುದು. ಬೆರಳು ಬಾಗುತ್ತಿದೆ ಎಂಬ ಸಮಾಧಾನವೂ ಸಾಲದು. ಹೆಬ್ಬೆರಳನ್ನು ಬಿಟ್ಟು ಪ್ರತಿ ಬೆರಳಿಗೂ ಎರಡು ಬಾಗಿಸುವ ರಜ್ಜುಗಳಿವೆ, ಮೇಲ್ಪದರದ್ದು ಕಡಿದುಹೋದರೂ ಆಳದ್ದು ಬೆರಳನ್ನು ಬಾಗಿಸುತ್ತದೆ. ಉಳಿದ ಬೆರಳುಗಳನ್ನು ನೇರವಾಗಿ ಹಿಡಿದಿಟ್ಟು ಒಂದೊಂದನ್ನೇ ಬಾಗಿಸಿದರೆ ಮೇಲ್ಪದರದ ರಜ್ಜು, ನಡುವಿನ ಮೂಳೆಯನ್ನು ಹಿಡಿದು ತುದಿಯನ್ನು ಮಾತ್ರ ಬಾಗಿಸಿದರೆ ಆಳದ ರಜ್ಜು ಪರೀಕ್ಷೆಗೆ ಒಳಗಾಗುತ್ತದೆ.

ಮೂಳೆ ಶಸ್ತ್ರಚಿಕಿತ್ಸಕ

ಚರ್ಚೆ ಚೆನ್ನಾಗಿ ಸಾಗಿದೆ, ಆದರೂ ಒಂದು ಗಂಭೀರ ತಕರಾರನ್ನು ದಾಖಲಿಸಬೇಕೆನಿಸುತ್ತದೆ. ಉಳಿದಿರುವುದನ್ನು ನೋಡಿ ತೀರ್ಮಾನಿಸುವ ಕ್ರಮ ನರಗಳಿಗೆ ಒಪ್ಪುತ್ತದೆ. ಅದನ್ನೇ ರಕ್ತಪರಿಚಲನೆಗೆ ಹಚ್ಚಿದರೆ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಮಂಡಿಯ ಕೆಳಗಿನ ದೊಡ್ಡ ಮೂಳೆಯಾದ ಟಿಬಿಯಾ ಮುರಿದ ರೋಗಿಯ ಪಾದದಲ್ಲಿ ನಾಡಿ ಸಿಗುತ್ತಿದೆ, ಆದ್ದರಿಂದ ಕಾಲು ಸುರಕ್ಷಿತ ಎಂಬ ಮಾತನ್ನು ನಾನು ಬಹಳ ಸಲ ಕೇಳುತ್ತೇನೆ. ಇದು ಅಂಗರಚನೆಗೂ ಶರೀರಕ್ರಿಯೆಗೂ ವಿರುದ್ಧವಾದ ಮಾತು.

ಮಂಡಿಯ ಕೆಳಗಿನ ಸ್ನಾಯುಗಳು ಗಟ್ಟಿಯಾದ ಫೇಷಿಯಾ ಪೊರೆಯಿಂದ 4 ಕಂಪಾರ್ಟ್‌ಮೆಂಟ್‌ಗಳಾಗಿ ವಿಂಗಡವಾಗಿವೆ: ಮುಂಭಾಗ, ಹೊರಬದಿ, ಹಿಂಭಾಗದ ಮೇಲ್ಪದರ, ಹಿಂಭಾಗದ ಆಳಪದರ. ಈ ಪೊರೆ ಹಿಗ್ಗುವುದಿಲ್ಲ. ಒಳಗೆ ರಕ್ತಸ್ರಾವವಾಗಿ ಅಥವಾ ಊತ ಬಂದು ಒತ್ತಡ ಏರಿದಾಗ ಮೊದಲು ಮುಚ್ಚಿಕೊಳ್ಳುವುದು ಒತ್ತಡ ಕಡಿಮೆಯಿರುವ ಸೂಕ್ಷ್ಮ ರಕ್ತನಾಳಗಳು. ಅಪಧಮನಿಯ ಸಿಸ್ಟೋಲಿಕ್ (ಹೃದಯ ಸಂಕುಚಿಸಿದಾಗಿನ) ಒತ್ತಡ 120 ಮಿ.ಮೀ. ಪಾದರಸ ಇರುವ ವ್ಯಕ್ತಿಯಲ್ಲಿ ಕಂಪಾರ್ಟ್‌ಮೆಂಟಿನ ಒತ್ತಡ 60ಕ್ಕೆ ಏರಿದರೂ ದೊಡ್ಡ ಅಪಧಮನಿ ತೆರೆದೇ ಇರುತ್ತದೆ, ನಾಡಿ ಬೆರಳಿಗೆ ಸಿಗುತ್ತದೆ, ಆದರೆ ಸ್ನಾಯುವಿಗೂ ನರಕ್ಕೂ ರಕ್ತ ತಲುಪುತ್ತಿರುವುದಿಲ್ಲ. ಆದ್ದರಿಂದಲೇ ಡಯಾಸ್ಟೋಲಿಕ್ (ಹೃದಯ ಸಡಿಲಗೊಂಡಾಗಿನ) ಒತ್ತಡಕ್ಕೂ ಕಂಪಾರ್ಟ್‌ಮೆಂಟಿನ ಒತ್ತಡಕ್ಕೂ ಇರುವ ಅಂತರ 30 ಮಿ.ಮೀ.ಗಿಂತ ಕಡಿಮೆಯಾದರೆ ಪೊರೆಯನ್ನು ಸೀಳಿ ಬಿಡಿಸುವ ನಿರ್ಧಾರಕ್ಕೆ ಬರುತ್ತೇವೆ.

ಮೊದಲ ಸೂಚನೆ ನೋವು. ಮೂಳೆ ಮುರಿದಷ್ಟಕ್ಕೆ ಇರಬೇಕಾದುದಕ್ಕಿಂತ ಮಿಗಿಲಾದ, ಔಷಧಿಗೆ ಬಗ್ಗದ, ಗಂಟೆಗಂಟೆಗೂ ಏರುವ ನೋವು. ಕಾಲ್ಬೆರಳುಗಳನ್ನು ನಾವೇ ಹಿಡಿದು ಕೆಳಕ್ಕೆ ಬಾಗಿಸಿದಾಗ ಮುಂಭಾಗದ ಸ್ನಾಯುಗಳಲ್ಲಿ ತಡೆಯಲಾಗದ ನೋವು. ಬಳಿಕ ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವಿನ ಚರ್ಮದಲ್ಲಿ ಸ್ಪರ್ಶ ಮಂದವಾಗುತ್ತದೆ, ಏಕೆಂದರೆ ಮುಂಭಾಗದ ಕಂಪಾರ್ಟ್‌ಮೆಂಟಿನಲ್ಲಿ ಸಾಗುವ ಡೀಪ್ ಫಿಬುಲಾರ್ ನರದ ಚರ್ಮದ ಪಾಲು ಅಷ್ಟೇ. ನಾಡಿ ಇಲ್ಲವಾಗುವವರೆಗೆ ಕಾಯುವುದೆಂದರೆ ಸ್ನಾಯು ಸಾಯುವವರೆಗೆ ಕಾಯುವುದು. ಮುಂಗೈಯಲ್ಲಿ ಹೀಗಾದಾಗ ಬೆರಳುಗಳು ಶಾಶ್ವತವಾಗಿ ಸೆಟೆದುಕೊಳ್ಳುವುದನ್ನು ರಿಚರ್ಡ್ ಫಾನ್ ಫೋಕ್‌ಮನ್ 1881ರಲ್ಲೇ ವಿವರಿಸಿದ್ದರು. ಇಷ್ಟು ಹಳೆಯ ತಿಳಿವಳಿಕೆಯಿದ್ದೂ ಇಂದಿಗೂ ಬಿಗಿಯಾದ ಪ್ಲಾಸ್ಟರಿನೊಳಗೆ ಕೈಗಳು ಹಾಳಾಗುವುದು ನಿಜಕ್ಕೂ ನೋವಿನ ಸಂಗತಿ.

ಶುಶ್ರೂಷಕಿ

ಮೇಲಿನ ಬರಹವನ್ನು ರಾತ್ರಿಪಾಳಿಯ ಪ್ರತಿಯೊಬ್ಬರೂ ಓದಬೇಕು ಸರ್. ನೋವು ಹೆಚ್ಚಾಗಿದೆ ಎಂದು ರೋಗಿ ಮತ್ತೆ ಮತ್ತೆ ಕರೆಯುವುದನ್ನು ಮೊದಲು ಕೇಳಿಸಿಕೊಳ್ಳುವವರು ನಾವು.

ನಮ್ಮ ಕೈಯಿಂದಲೇ ತಪ್ಪಿಸಬಹುದಾದ ಕೆಲವು ಪೆಟ್ಟುಗಳನ್ನೂ ಸೇರಿಸುತ್ತೇನೆ. ಫಿಬುಲಾದ ಕತ್ತಿನ ಸುತ್ತ ಬಳಸುವ ನರ ಚರ್ಮದ ಕೆಳಗೇ, ಮೂಳೆಗೆ ಒತ್ತಿಕೊಂಡಂತೆ ಇರುತ್ತದೆ. ಪ್ಲಾಸ್ಟರಿನ ಮೇಲಂಚು ಅಲ್ಲಿ ಒತ್ತಿದರೂ, ಪ್ರಜ್ಞೆಯಿಲ್ಲದ ರೋಗಿಯ ಕಾಲು ಹೊರಕ್ಕೆ ವಾಲಿ ಮಂಚದ ಕಂಬಿಗೆ ತಾಗಿಕೊಂಡಿದ್ದರೂ ಪಾದ ಜೋತುಬೀಳಬಹುದು. ಪೃಷ್ಠದ ಚುಚ್ಚುಮದ್ದಿಗೆ ಮೇಲಿನ ಹೊರಬದಿಯ ಕಾಲುಭಾಗ ಎಂದು ಕಲಿತಿರುತ್ತೇವೆ, ಆದರೆ ಕಣ್ಣಳತೆಯಲ್ಲಿ ಅದು ಕೆಳಕ್ಕೂ ಒಳಕ್ಕೂ ಜಾರುವುದುಂಟು. ಸೊಂಟದ ಪಕ್ಕದ ಜಾಗ ಇದಕ್ಕಿಂತ ಸುರಕ್ಷಿತ: ಅಂಗೈಯನ್ನು ತೊಡೆಮೂಳೆಯ ಹೊರಉಬ್ಬಿನ ಮೇಲಿಟ್ಟು, ತೋರುಬೆರಳನ್ನು ಸೊಂಟದ ಮೂಳೆಯ ಮುಂದಿನ ಚೂಪಿಗೆ ತಾಗಿಸಿ, ನಡುಬೆರಳನ್ನು ಮೂಳೆಯ ಅಂಚಿನುದ್ದಕ್ಕೆ ಹಿಂದಕ್ಕೆ ಚಾಚಿದಾಗ ಸಿಗುವ ತ್ರಿಕೋನದಲ್ಲಿ ದೊಡ್ಡ ನರವೂ ಇಲ್ಲ, ದೊಡ್ಡ ರಕ್ತನಾಳವೂ ಇಲ್ಲ. ಕೈಯಿಂದ ರಕ್ತ ತೆಗೆಯಲು ಮೊಣಕೈಯ ಮಡಿಕೆಯ ನಡುವಿನ ಅಭಿಧಮನಿಯನ್ನು ಆರಿಸಿಕೊಳ್ಳುವುದಕ್ಕೂ ಅಂಗರಚನೆಯ ಆಧಾರವಿದೆ. ಅದರ ಕೆಳಗೆ ಬೈಸೆಪ್ಸ್‌ನ ಪೊರೆ ಅಡ್ಡವಾಗಿದ್ದು ಬ್ರೇಕಿಯಲ್ ಅಪಧಮನಿಯನ್ನೂ ಮೀಡಿಯನ್ ನರವನ್ನೂ ಕಾಯುತ್ತದೆ. ಹೆಬ್ಬೆರಳಿನ ಬದಿಯಲ್ಲಿ ಮಣಿಕಟ್ಟಿನ ಬಳಿ ಅಂಥ ರಕ್ಷಣೆಯಿಲ್ಲ, ಅಭಿಧಮನಿಯ ಪಕ್ಕದಲ್ಲೇ ರೇಡಿಯಲ್ ನರದ ಚರ್ಮದ ಕವಲು ಓಡುತ್ತದೆ. ಸೂಜಿ ಹೋಗುವಾಗ ರೋಗಿ ಕರೆಂಟ್ ಹೊಡೆದಂತಾಯಿತು ಎಂದರೆ ತಕ್ಷಣ ಹೊರತೆಗೆಯಬೇಕು.

ಫಿಸಿಯೋಥೆರಪಿಸ್ಟ್

ಪರೀಕ್ಷೆಯ ಮೇಜಿನ ಮೇಲೆ ಕಾಣದಿರುವುದು ನಡಿಗೆಯಲ್ಲಿ ಕಾಣುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಒಂದು ಕಾಲಿನ ಮೇಲೆ ನಿಂತಾಗ ಎತ್ತಿದ ಕಾಲಿನ ಕಡೆಗೆ ಸೊಂಟ ಕುಸಿದರೆ, ದುರ್ಬಲವಾಗಿರುವುದು ನಿಂತ ಕಾಲಿನ ಗ್ಲೂಟಿಯಸ್ ಮೀಡಿಯಸ್. ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವರ್ಣಿಸಿದ ಈ ಚಿಹ್ನೆಯಲ್ಲಿ ಕುಸಿದ ಬದಿಯನ್ನೇ ರೋಗದ ಬದಿ ಎಂದು ತಿಳಿಯುವವರು ಇಂದಿಗೂ ಇದ್ದಾರೆ. ಬಹಳ ದಿನಗಳ ತೊಂದರೆಯಾದರೆ ರೋಗಿ ಮೈಯನ್ನು ದುರ್ಬಲ ಬದಿಗೆ ವಾಲಿಸಿ ಸೊಂಟ ಕುಸಿಯದಂತೆ ನೋಡಿಕೊಳ್ಳುತ್ತಾನೆ. ಒಂದು ಸ್ನಾಯುವಿನ ಕೆಲಸವನ್ನು ಇನ್ನೊಂದು ಸ್ನಾಯುವೋ ಮೈಯ ವಾಲಿಕೆಯೋ ವಹಿಸಿಕೊಳ್ಳುವುದು ನಮ್ಮ ಪರೀಕ್ಷೆಗಳನ್ನು ಬಹಳವಾಗಿ ದಾರಿ ತಪ್ಪಿಸುತ್ತದೆ.

ಹಿಮ್ಮಡಿಯ ದೊಡ್ಡ ರಜ್ಜು ಪೂರ್ತಿ ಹರಿದವರೂ ಮಲಗಿದ್ದಾಗ ಪಾದವನ್ನು ಕೆಳಕ್ಕೆ ಒತ್ತಬಲ್ಲರು. ಟಿಬಿಯಾಲಿಸ್ ಪೋಸ್ಟೀರಿಯರ್ ಮತ್ತು ಕಾಲ್ಬೆರಳುಗಳನ್ನು ಬಾಗಿಸುವ ಉದ್ದ ಸ್ನಾಯುಗಳು ಅಷ್ಟು ಕೆಲಸ ಮಾಡುತ್ತವೆ. ಆದ್ದರಿಂದ ರೋಗಿಯನ್ನು ಬೋರಲು ಮಲಗಿಸಿ, ಪಾದವನ್ನು ಮಂಚದಿಂದಾಚೆಗೆ ಚಾಚಿಸಿ, ಮೀನಖಂಡವನ್ನು ಹಿಸುಕಬೇಕು. ಪಾದ ಅಲುಗದಿದ್ದರೆ ರಜ್ಜು ಹರಿದಿದೆ.

ಮಂಡಿನೋವು ಎಂದು ಬರುವ, ಕುಂಟುವ ಮಕ್ಕಳ ವಿಷಯದಲ್ಲಿ ನನಗೆ ವಿಶೇಷ ಕಾಳಜಿಯಿದೆ. ಆಬ್ಟ್ಯುರೇಟರ್ ನರವೂ ಫೀಮೊರಲ್ ನರವೂ ಸೊಂಟದ ಕೀಲಿಗೂ ಮಂಡಿಗೂ ಕವಲುಗಳನ್ನು ಕೊಡುವುದರಿಂದ ಸೊಂಟದ ರೋಗ ಮಂಡಿಯಲ್ಲಿ ನೋವಾಗಿ ಕಾಣಿಸಿಕೊಳ್ಳಬಲ್ಲದು. ಹದಿಹರೆಯದವರಲ್ಲಿ ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಲ್ಲಿ ಜಾರಿದಾಗ ಮಂಡಿಯ ಎಕ್ಸ್‌ರೇ ಮಾತ್ರ ತೆಗೆಸಿ ಎಲ್ಲ ಸರಿಯಿದೆ ಎಂದು ಕಳುಹಿಸಿದರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ. ತೊಡೆಯನ್ನು ಒಳಕ್ಕೆ ತಿರುಗಿಸಿ ನೋಡಲು ಒಂದು ನಿಮಿಷವೂ ಬೇಡ.

ಮೂಳೆ ಶಸ್ತ್ರಚಿಕಿತ್ಸಕ

ಫಿಸಿಯೋ ಅವರ ಕೊನೆಯ ಮಾತಿಗೆ ಪೂರ್ಣ ಸಹಮತ. ತೊಡೆಮೂಳೆಯ ತಲೆಯ ಪ್ರಸ್ತಾಪ ಬಂದುದರಿಂದ ರಕ್ತನಾಳಗಳ ಬಗ್ಗೆ ಇನ್ನೊಂದೇ ಮಾತು. ವಯಸ್ಕರಲ್ಲಿ ಆ ತಲೆಗೆ ಬರುವ ರಕ್ತದ ಹೆಚ್ಚಿನ ಪಾಲು ಮೀಡಿಯಲ್ ಸರ್ಕಮ್‌ಫ್ಲೆಕ್ಸ್ ಫೀಮೊರಲ್ ಅಪಧಮನಿಯ ಕವಲುಗಳ ಮೂಲಕ ಮೂಳೆಯ ಕತ್ತನ್ನು ಹತ್ತಿಕೊಂಡು ಮೇಲೇರುತ್ತದೆ, ಹಾಗಾಗಿ ಕೀಲಿನ ಪೊರೆಯೊಳಗೆ ಕತ್ತು ಮುರಿದರೆ ತಲೆ ಒಣಗುವ ಅಪಾಯವಿದೆ, ಪೊರೆಯ ಹೊರಗೆ ಮುರಿದರೆ ಆ ಅಪಾಯ ಬಹಳ ಕಡಿಮೆ. ಮಣಿಕಟ್ಟಿನ ಸ್ಕೇಫಾಯ್ಡ್ ಮೂಳೆಗೂ ರಕ್ತ ಮುಖ್ಯವಾಗಿ ಬೆರಳಿನ ಕಡೆಯಿಂದ ಮುಂಗೈಯ ಕಡೆಗೆ ಹಿಮ್ಮುಖವಾಗಿ ಹರಿಯುತ್ತದೆ; ಮುರಿದಾಗ ಒಣಗುವುದು ಮುಂಗೈ ಕಡೆಯ ತುಂಡು. ಬಿದ್ದ ಬಳಿಕ ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋವಿದೆ ಎಂದಾದರೆ, ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದಿದ್ದರೂ ಮುರಿದಿದೆ ಎಂದೇ ಭಾವಿಸಿ ಕಟ್ಟು ಹಾಕಿ 10ರಿಂದ 14 ದಿನಗಳ ನಂತರ ಮತ್ತೆ ನೋಡಬೇಕು, ಅಥವಾ ಎಂಆರ್‌ಐ ಮಾಡಿಸಬೇಕು.

ನರರೋಗ ವೈದ್ಯೆ

ಉಳಿದದ್ದನ್ನು ನೋಡಿ ತೀರ್ಮಾನಿಸುವ ಕ್ರಮ ರಕ್ತಪರಿಚಲನೆಗೆ ಒಪ್ಪುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ನರಗಳಲ್ಲೂ ಅದಕ್ಕೆ ಮಿತಿಗಳಿವೆ. ಹಲವರಲ್ಲಿ ಮುಂಗೈಯಲ್ಲಿ ಮೀಡಿಯನ್ ನರದಿಂದ ಅಲ್ನಾರ್ ನರಕ್ಕೆ ತಂತುಗಳು ದಾಟಿಹೋಗುತ್ತವೆ. ಇದಕ್ಕೆ ಮಾರ್ಟಿನ್ ಗ್ರೂಬರ್ ಜೋಡಣೆ ಎಂದು ಹೆಸರು. ಅಂಥವರಲ್ಲಿ ಮೊಣಕೈಯ ಬಳಿ ಅಲ್ನಾರ್ ನರ ಪೂರ್ತಿ ಕೆಟ್ಟರೂ ಅಂಗೈಯ ಕೆಲವು ಸಣ್ಣ ಸ್ನಾಯುಗಳು ದುಡಿಯುತ್ತಲೇ ಇರುತ್ತವೆ. ಭಾಗಶಃ ಪೆಟ್ಟಾದಾಗ ನರದ ಒಳಗಿನ ಕೆಲವು ಕಟ್ಟುಗಳು ಮಾತ್ರ ಕೆಡುವುದೂ ಉಂಟು.

ಯಾವ ಬೇರು ಯಾವ ಚರ್ಮಕ್ಕೆ ಎಂದು ತೋರಿಸುವ ನಕ್ಷೆಗಳ ಮೇಲೂ ಅತಿಯಾದ ವಿಶ್ವಾಸ ಬೇಡ. ಫೋರ್ಸ್ಟರ್ 1933ರಲ್ಲಿ ಕೊಟ್ಟ ನಕ್ಷೆಗೂ ಕೀಗನ್ ಮತ್ತು ಗ್ಯಾರೆಟ್ 1948ರಲ್ಲಿ ಕೊಟ್ಟ ನಕ್ಷೆಗೂ ಕೈಕಾಲುಗಳಲ್ಲಿ ಸಾಕಷ್ಟು ವ್ಯತ್ಯಾಸವಿದೆ, ಬೇರೆ ಬೇರೆ ಪಠ್ಯಗಳು ಬೇರೆ ಬೇರೆ ನಕ್ಷೆಗಳನ್ನು ಅಚ್ಚುಹಾಕುತ್ತವೆ. ಅಕ್ಕಪಕ್ಕದ ಬೇರುಗಳ ಕ್ಷೇತ್ರಗಳು ಒಂದರ ಮೇಲೊಂದು ಹಾಯುವುದರಿಂದ ಒಂದೇ ಬೇರು ಕೆಟ್ಟಾಗ ಸ್ಪಷ್ಟ ಗಡಿಯ ಜೋಮು ಸಿಗುವುದು ಅಪರೂಪ. ಹೆಬ್ಬೆರಳಿಗೆ ಸಿ6, ನಡುಬೆರಳಿಗೆ ಸಿ7, ಕಿರುಬೆರಳಿಗೆ ಸಿ8, ಪಾದದ ಮೇಲ್ಭಾಗಕ್ಕೆ ಎಲ್5, ಪಾದದ ಹೊರಅಂಚಿಗೆ ಎಸ್1 ಎಂಬ ಕೆಲವು ತಾಣಗಳನ್ನು ಮಾತ್ರ ನಾನು ನೆಚ್ಚಿಕೊಳ್ಳುತ್ತೇನೆ.

ವಿದ್ಯಾರ್ಥಿನಿಗೆ ಈಗ ಒಂದು ಪ್ರಶ್ನೆ. ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯ ಮರುದಿನ ರೋಗಿಯ ಪಾದ ಜೋತುಬಿದ್ದಿದೆ. ಪಾದವನ್ನು ಒಳಕ್ಕೆ ತಿರುಗಿಸುವ ಶಕ್ತಿ ಬಹುಮಟ್ಟಿಗೆ ಇದೆ, ಹಿಮ್ಮಡಿಯ ಪ್ರತಿಕ್ರಿಯೆಯೂ ಇದೆ. ಪೆಟ್ಟು ಎಲ್ಲಿ?

ವೈದ್ಯಕೀಯ ವಿದ್ಯಾರ್ಥಿನಿ

ಇಲ್ಲಿಯವರೆಗಿನ ಕ್ರಮದಂತೆ ಟಿಬಿಯಾಲಿಸ್ ಪೋಸ್ಟೀರಿಯರ್ ಉಳಿದಿರುವುದರಿಂದ ಎಲ್5 ಬೇರನ್ನು ಬದಿಗಿಟ್ಟು ಫಿಬುಲಾದ ಕತ್ತನ್ನು ಹೇಳಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಅಥವಾ ಆಮೇಲೆ ಅಲ್ಲಿ ಒತ್ತಡ ಬಿದ್ದಿರಬಹುದು. ಆದರೆ ಸಯಾಟಿಕ್ ನರದೊಳಗೆ ಟಿಬಿಯಲ್ ಭಾಗ ಮತ್ತು ಫಿಬುಲಾರ್ ಭಾಗ ಮೊದಲಿನಿಂದಲೂ ಬೇರೆ ಬೇರೆಯಾಗಿಯೇ ಸಾಗುತ್ತವೆ. ಸೊಂಟದ ಬಳಿಯಲ್ಲೇ ಫಿಬುಲಾರ್ ಭಾಗಕ್ಕೆ ಮಾತ್ರ ಪೆಟ್ಟಾಗಿದ್ದರೂ ಚಿತ್ರ ಹೀಗೆಯೇ ಕಾಣುವುದಿಲ್ಲವೇ? ಹಾಗಾದರೆ ಮಂಡಿಗಿಂತ ಮೇಲೆ ಫಿಬುಲಾರ್ ಭಾಗದಿಂದ ಕವಲು ಪಡೆಯುವ ಸ್ನಾಯುವನ್ನು ಹುಡುಕಬೇಕು. ತೊಡೆಯ ಹಿಂಭಾಗದಲ್ಲಿರುವ ಬೈಸೆಪ್ಸ್ ಫೀಮೊರಿಸ್‌ನ ಚಿಕ್ಕ ತಲೆಯೊಂದೇ ಅಂಥದ್ದು. ಅದು ಕೆಟ್ಟಿದ್ದರೆ ಪೆಟ್ಟು ತೊಡೆಯಲ್ಲೋ ಸೊಂಟದಲ್ಲೋ ಇದೆ, ಸರಿಯಾಗಿದ್ದರೆ ಮಂಡಿಯ ಪಕ್ಕದ ಸಾಧ್ಯತೆ ಹೆಚ್ಚು.

ನರರೋಗ ವೈದ್ಯೆ

ಉತ್ತರ ಸರಿಯಾಗಿದೆ. ಸೊಂಟದ ಶಸ್ತ್ರಚಿಕಿತ್ಸೆಯಲ್ಲಿ ಫಿಬುಲಾರ್ ಭಾಗವೇ ಹೆಚ್ಚಾಗಿ ಪೆಟ್ಟು ತಿನ್ನುವುದಕ್ಕೆ ಕಾರಣಗಳಿವೆ: ಅದು ಹೊರಬದಿಯಲ್ಲಿದೆ, ಸೊಂಟದ ಬಳಿಯೂ ಫಿಬುಲಾದ ಕತ್ತಿನ ಬಳಿಯೂ ಬಿಗಿದು ನಿಂತಿರುವುದರಿಂದ ಎಳೆತ ತಾಳುವುದಿಲ್ಲ, ಮತ್ತು ಅದರ ನರಕಟ್ಟುಗಳ ಸುತ್ತ ಮೆತ್ತನೆಯ ಅಂಗಾಂಶ ಕಡಿಮೆ. ಬೈಸೆಪ್ಸ್ ಫೀಮೊರಿಸ್‌ನ ಚಿಕ್ಕ ತಲೆಯನ್ನು ಮಂಡಿ ಬಾಗಿಸಿ ಪರೀಕ್ಷಿಸಲು ಆಗದು, ಏಕೆಂದರೆ ಉಳಿದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಅದನ್ನು ಮರೆಮಾಡುತ್ತವೆ. ಅದಕ್ಕೆ ಸೂಜಿಯ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಬೇಕು. ನರ ಕಡಿದ ಸ್ನಾಯುವಿನಲ್ಲಿ ತಾನೇ ತಾನಾಗಿ ಏಳುವ ವಿದ್ಯುತ್ ಸ್ಪಂದನಗಳು ಕಾಣಿಸಲು ಸುಮಾರು 3 ವಾರ ಹಿಡಿಯುತ್ತದೆ, ಆದ್ದರಿಂದ ಮರುದಿನವೇ ಮಾಡಿಸಿದ ಪರೀಕ್ಷೆಯಲ್ಲಿ ಅವು ಕಾಣಲಿಲ್ಲವೆಂದು ಚಿಕ್ಕ ತಲೆ ಸುರಕ್ಷಿತ ಎಂದು ಬರೆಯಬೇಡಿ. ಆ 3 ವಾರ ಸುಮ್ಮನಿರುವುದೂ ಬೇಡ. ಸೊಂಟದಲ್ಲಿ ರಕ್ತ ಹೆಪ್ಪುಗಟ್ಟಿ ನರವನ್ನು ಒತ್ತುತ್ತಿಲ್ಲವೆಂದು ಅಂದೇ ಖಚಿತಪಡಿಸಿಕೊಳ್ಳಿ, ಫಿಬುಲಾದ ಕತ್ತಿನ ಮೇಲಿನ ಒತ್ತಡ ತೆಗೆಯಿರಿ, ಹಿಮ್ಮಡಿಯ ರಜ್ಜು ಕುಗ್ಗದಂತೆ ಪಾದಕ್ಕೆ ಆಧಾರಪಟ್ಟಿ ಹಾಕಿಸಿ, ಯಾವ ಸ್ನಾಯುವಿಗೆ ಎಷ್ಟು ಬಲವಿದೆ ಎಂದು ಪ್ರತಿದಿನ ಬರೆದಿಡಿ.